ಹಳೆಯ ಮದರ್‌ಬೋರ್ಡು, ಹಳೆಯ ಫೈಲು
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ರಾಮದುರ್ಗದ ನೇಕಾರರು ಒಂದು ಬಿಡಿಭಾಗ ಸವೆಯಿತೆಂದು ಮಗ್ಗವನ್ನೇ ಗುಜರಿಗೆ ಹಾಕುವುದಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ನಾವು ಬೇಗ ಕೈಚೆಲ್ಲುತ್ತೇವೆ. ಹೊಸದು ಕೊಳ್ಳಲಾಗದ ಮನೆಯ ಮಕ್ಕಳು ನುಡಿಯಲ್ಲಿ ಕನ್ನಡ ಟೈಪಿಂಗ್ ಕಲಿಯುವುದು ಇಂಥ ಹಳೆಯ ಯಂತ್ರಗಳಲ್ಲೇ ಎಂಬುದನ್ನು ಮರೆಯುತ್ತೇವೆ.

ಮದರ್‌ಬೋರ್ಡಿನ ಮೇಲೆ ಬಯಾಸ್ ಎಂಬ ಸಣ್ಣ ಚಿಪ್ಪಿದೆ. ಗುಂಡಿ ಒತ್ತಿದೊಡನೆ ಮೆಮೊರಿ, ಡಿಸ್ಕು, ಕೀಬೋರ್ಡುಗಳನ್ನು ಎಬ್ಬಿಸುವುದು ಅದರೊಳಗಿನ ಬರಹ. 1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಅನೇಕ ಯಂತ್ರಗಳಲ್ಲಿ ಈ ಬರಹವನ್ನೇ ಕೆಡಿಸಿತು. ಬೋರ್ಡು ಸುಟ್ಟಿರಲಿಲ್ಲ, ಆದರೂ ಯಂತ್ರ ಸತ್ತಂತೆ ಬಿದ್ದಿತ್ತು. ಸರಿಯಾದ ಫೈಲನ್ನು ಚಿಪ್ಪಿಗೆ ಮತ್ತೆ ಬರೆದಾಗ ಎದ್ದು ಕೂತಿತು.

ಆದರೆ ಆ ಫೈಲು ಸಿಗಬೇಕಲ್ಲ! ಇಂಟೆಲ್ ಕಂಪನಿ 2019ರ ನವೆಂಬರಿನಲ್ಲಿ ತನ್ನ ಹಳೆಯ ಬೋರ್ಡುಗಳ ಬಯಾಸ್ ಫೈಲುಗಳನ್ನು ಜಾಲತಾಣದಿಂದ ತೆಗೆಯತೊಡಗಿತು. ತಯಾರಿಸಿದವರೇ ಕೈಬಿಟ್ಟ ಮೇಲೆ ಉಳಿಯುವುದು ಯಾರೋ ಪುಣ್ಯಾತ್ಮರು ಇಟ್ಟುಕೊಂಡ ಪ್ರತಿ ಮಾತ್ರ. ಆದ್ದರಿಂದ ಯಂತ್ರ ಚೆನ್ನಾಗಿರುವಾಗಲೇ ಫೈಲನ್ನು ಇಳಿಸಿಟ್ಟುಕೊಳ್ಳಿ. ಬೋರ್ಡಿನ ಹೆಸರಷ್ಟೇ ಸಾಲದು, ಅದರ ಮೇಲೆ ಅಚ್ಚಾಗಿರುವ ಆವೃತ್ತಿಯ ಸಂಖ್ಯೆಯೂ ಹೊಂದಬೇಕು. ಒಂದೇ ಹೆಸರಿನ ಎರಡು ಆವೃತ್ತಿಗಳಿಗೆ ಬೇರೆ ಬೇರೆ ಫೈಲು ಇರಬಹುದು.

ಇನ್ನೊಂದು ಮಾತು. ಬಯಾಸ್ ಬದಲಿಸುವುದು ಹವ್ಯಾಸವಾಗಬಾರದು. ದಿನಾಂಕ ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ದೋಷ ಸಾಮಾನ್ಯವಾಗಿ ಸಿಆರ್ 2032 ಎಂಬ ನಾಣ್ಯದಂಥ 3 ವೋಲ್ಟಿನ ಬ್ಯಾಟರಿಯದು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಬೆಸುಗೆ ಬಲ್ಲವರು ಬದಲಿಸಬೇಕು, ಅಲ್ಲಿ ಯಾವ ಫೈಲೂ ಕೆಲಸಕ್ಕೆ ಬಾರದು. ಫೈಲು ನಿಜವಾಗಿ ಬೇಕಾಗುವುದು ಬರಹ ಕೆಟ್ಟಾಗ, ಇಲ್ಲವೆ ದೊಡ್ಡ ಡಿಸ್ಕನ್ನು ಬೋರ್ಡು ಗುರುತಿಸದಿದ್ದಾಗ. ಆ ಕಾಲದ ಕೆಲವು ಬಯಾಸುಗಳು 32 ಜಿಬಿ ಮೀರಿದ ಡಿಸ್ಕು ಕಂಡರೆ ಅಲ್ಲೇ ನಿಂತುಬಿಡುತ್ತಿದ್ದವು. 137 ಜಿಬಿ ಹತ್ತಿರ ಮತ್ತೊಂದು ಗೋಡೆ ಇತ್ತು.

ಬರೆಯುವಾಗ ನಡುವೆ ಕರೆಂಟು ಹೋದರೆ ಚಿಪ್ಪಿನಲ್ಲಿ ಅರ್ಧ ಬರಹ ಉಳಿಯುತ್ತದೆ. ನಮ್ಮ ಕಡೆಯ ಕರೆಂಟಿನ ಸಂಗತಿ ನಿಮಗೆ ಹೇಳಬೇಕಾಗಿಲ್ಲ. ಯುಪಿಎಸ್ ಇಲ್ಲದೆ ಕೈಹಾಕಬೇಡಿ. ಈಗಿರುವ ಬಯಾಸಿನ ಪ್ರತಿಯನ್ನು ಮೊದಲು ತೆಗೆದಿಡಿ. ಹೆಚ್ಚಿನ ಫ್ಲ್ಯಾಶ್ ಪ್ರೋಗ್ರಾಮುಗಳಲ್ಲಿ ಆ ಅವಕಾಶವಿದೆ. ಅದು ಆಗಿನ ಫ್ಲಾಪಿಯಲ್ಲೇ ಹಿಡಿಸುವಷ್ಟು ಚಿಕ್ಕ ಫೈಲು. ಎರಡು ಪೆನ್‌ಡ್ರೈವಿನಲ್ಲಿ ಇಟ್ಟು, ಬೋರ್ಡಿನ ಹೆಸರು, ಆವೃತ್ತಿ ಬರೆದ ಚೀಟಿಯನ್ನು ಕ್ಯಾಬಿನೆಟ್ಟಿನ ಒಳಗೇ ಅಂಟಿಸಿ.