ಪುಕ್ಕಟೆ ಬೇರೆ, ಸ್ವಾತಂತ್ರ್ಯ ಬೇರೆ

(ಶಾಲಾ ಆಡಳಿತ ಸಮಿತಿಗಳ ಪದಾಧಿಕಾರಿಗಳ ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



2020ರ ಲಾಕ್‌ಡೌನ್ ನಮ್ಮ ಮನೆಗಳನ್ನೇ ತರಗತಿಗಳನ್ನಾಗಿಸಿತು. ತಾಯಂದಿರು ತಮ್ಮ ಮೊಬೈಲನ್ನು ಮಕ್ಕಳ ಕೈಗಿತ್ತರು. ಅಂದು ಸಿದ್ಧಗೊಂಡ ಪಾಠಗಳು ಈಗ ಎಲ್ಲಿವೆ? ನಾವು ಬಲ್ಲ ಶಾಲೆಯೊಂದರ ಸಮಿತಿಯು ಶುಲ್ಕ ತೆತ್ತು ಕಂಪೆನಿಯೊಂದರ ಬೋಧನಾ ತಾಣವನ್ನು ಬಳಸಿತ್ತು. ಮರುವರ್ಷ ಶುಲ್ಕ ಕಟ್ಟಲಾಗಲಿಲ್ಲ. ಶಿಕ್ಷಕಿಯರು ರಾತ್ರಿ ಎಚ್ಚರವಿದ್ದು ರಚಿಸಿದ ಪಾಠಗಳೂ ಮಕ್ಕಳ ಅಂಕಗಳೂ ಬೀಗ ಜಡಿದ ಕೋಣೆಯೊಳಗೆ ಉಳಿದವು. ಬೀಗದ ಕೈ ಮಾತ್ರ ನಮ್ಮಲ್ಲಿರಲಿಲ್ಲ.

ಈ ಸಮಸ್ಯೆ ಹೊಸತಲ್ಲ. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಾಸ್ ಬಾಲ್ಯದಲ್ಲಿ ದೂರದ ಮರುಭೂಮಿ ಪ್ರದೇಶದಲ್ಲಿದ್ದು ರೇಡಿಯೊ ಮೂಲಕ ಪಾಠ ಕಲಿತವರು. ಮುಂದೆ ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವೆಬ್‌ಸಿಟಿ ಎಂಬ ವಾಣಿಜ್ಯ ತಂತ್ರಾಂಶವನ್ನು ನಿರ್ವಹಿಸಿದರು. ಅದರಿಂದ ತೃಪ್ತರಾಗದೆ ಮೂಡಲ್ ಎಂಬ ತಂತ್ರಾಂಶವನ್ನು ರಚಿಸಿ, 2002ರ ಆಗಸ್ಟ್‌ನಲ್ಲಿ ಅದರ ಮೊದಲ ಆವೃತ್ತಿಯನ್ನು ಹೊರತಂದರು. ಅದರ ಮೂಲ ಸಂಕೇತ ಎಲ್ಲರಿಗೂ ಮುಕ್ತ. ಯಾರೂ ಅದನ್ನು ಬಳಸಬಹುದು, ತಿದ್ದಬಹುದು, ಹಂಚಬಹುದು. ಬ್ರಿಟನ್ನಿನ ಓಪನ್ ಯುನಿವರ್ಸಿಟಿಯು 2005ರಲ್ಲಿ ಇದನ್ನೇ ಆರಿಸಿಕೊಂಡಿತು.

ಅತ್ತ ವೆಬ್‌ಸಿಟಿಯ ಗತಿ ಏನಾಯಿತು? 2006ರಲ್ಲಿ ಬ್ಲ್ಯಾಕ್‌ಬೋರ್ಡ್ ಕಂಪೆನಿ ಅದನ್ನು ಖರೀದಿಸಿತು. ಕ್ರಮೇಣ ಆ ಹೆಸರೇ ಅಳಿಯಿತು. ಅದೇ ವರ್ಷ ಬ್ಲ್ಯಾಕ್‌ಬೋರ್ಡ್ ಅಮೆರಿಕದಲ್ಲಿ ಪೇಟೆಂಟ್ ಪಡೆದು ಪ್ರತಿಸ್ಪರ್ಧಿ ಕಂಪೆನಿಯೊಂದರ ಮೇಲೆ ದಾವೆ ಹೂಡಿತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯವು ಅದರ ವಾದವನ್ನು ತಳ್ಳಿಹಾಕಿತೆಂಬುದು ಸಮಾಧಾನದ ಸಂಗತಿ.

ಪುಕ್ಕಟೆ ಸೇವೆಗಳಿರುವಾಗ ಇದೆಲ್ಲ ಏಕೆ ಎಂದು ನೀವು ಕೇಳಬಹುದು. ಗೂಗಲ್ ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಸಂಗ್ರಹ ಸ್ಥಳ ನೀಡುತ್ತಿತ್ತು. 2021ರಲ್ಲಿ ಅದಕ್ಕೆ ಮಿತಿ ಘೋಷಿಸಿ, 2022ರಲ್ಲಿ ಜಾರಿಗೊಳಿಸಿತು. ಕೊಡುವವನ ನಿಯಮ ಬದಲಾದಾಗ ಪಡೆಯುವವನಿಗೆ ದನಿಯಿರುವುದಿಲ್ಲ. ಪುಕ್ಕಟೆ ಎಂಬುದು ಇನ್ನೊಬ್ಬರ ಔದಾರ್ಯ. ಸ್ವಾತಂತ್ರ್ಯ ನಮ್ಮ ಹಕ್ಕು. ಮೂಡಲ್‌ನಲ್ಲಿ ಒಂದು ವಿಷಯದ ಪಾಠ, ಪ್ರಶ್ನೆ, ಚಟುವಟಿಕೆಗಳನ್ನೆಲ್ಲ ಒಂದೇ ಕಡತವಾಗಿ ಇಳಿಸಿಕೊಂಡು ಬೇರೆ ಸರ್ವರ್‌ನಲ್ಲಿ ಮತ್ತೆ ತೆರೆಯಬಹುದು. ಅದರ ಮೊಬೈಲ್ ಆ್ಯಪ್‌ನಲ್ಲಿ ಪಾಠವನ್ನು ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದಾಗಲೂ ಓದಬಹುದು. ಮನೆಗೊಂದೇ ಫೋನ್ ಇರುವ ಕುಟುಂಬಕ್ಕೆ ಇದರ ಬೆಲೆ ಗೊತ್ತು.

ಆದರೆ ಒಂದು ಸತ್ಯವನ್ನು ಮರೆಮಾಚಲಾರೆವು. ತಂತ್ರಾಂಶಕ್ಕೆ ಬೆಲೆಯಿಲ್ಲದಿದ್ದರೂ ಅದರ ಪಾಲನೆಗೆ ಬೆಲೆಯಿದೆ. ಸರ್ವರ್‌ಗೆ ಬಾಡಿಗೆ ಕೊಡಬೇಕು, ಹೊಸ ಆವೃತ್ತಿಗಳನ್ನು ಅಳವಡಿಸಬೇಕು, ಪ್ರತಿಗಳನ್ನು ಕಾಪಿಡಬೇಕು. ಇವೆಲ್ಲ ತಪ್ಪಿದರೆ ಮಕ್ಕಳ ಮಾಹಿತಿ ಅಪಾಯಕ್ಕೀಡಾಗುತ್ತದೆ. ಒಂದು ಸಣ್ಣ ಶಾಲೆಗೆ ಇದು ಭಾರ. ಐದಾರು ಶಾಲೆಗಳು ಕೂಡಿದರೆ ಭಾರವಲ್ಲ. ಕಟ್ಟಡಕ್ಕೆ, ಸಮಾರಂಭಕ್ಕೆ ನಾವು ಚಂದಾ ಎತ್ತುವುದಿಲ್ಲವೇ? ಕಂಪ್ಯೂಟರ್ ಕಲಿತ ನಮ್ಮೂರಿನ ಯುವಕನನ್ನೋ ಯುವತಿಯನ್ನೋ ಯೋಗ್ಯ ವೇತನ ಕೊಟ್ಟು ನೇಮಿಸಲಾಗದೇ? ಸೇವೆಯ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಂಡ ಕೆಲಸ ಬಾಳುವುದಿಲ್ಲ.

ಆದ್ದರಿಂದ ಈ ಸಭೆಯಿಂದ ಹೊರಡುವ ಮುನ್ನ ನಿಮ್ಮ ಸಮಿತಿಯವರನ್ನು ಎರಡು ಪ್ರಶ್ನೆ ಕೇಳಿರಿ: ನಮ್ಮ ಪಾಠಗಳ ಪ್ರತಿ ನಮ್ಮಲ್ಲಿದೆಯೇ? ಅದನ್ನು ನೋಡಿಕೊಳ್ಳುವವರು ಯಾರು? ಉತ್ತರ ಸಿಗದಿದ್ದರೆ ಕೆಲಸ ಅಲ್ಲಿಂದಲೇ ಆರಂಭವಾಗಲಿ.