ಜ್ಞೇಯವು ಜ್ಞಾನದ ಸೃಷ್ಟಿಯೇ?



ಹರಿಹರದ ಬಳಿ ತುಂಗಭದ್ರೆಯು ರಾತ್ರಿಯೆಲ್ಲ ಹರಿಯುತ್ತಾಳೆ. ಊರು ನಿದ್ರಿಸುವಾಗ ಆಕೆಯನ್ನು ನೋಡುವವರಿಲ್ಲ. ಆದರೂ ಬೆಳಗಾಗುವಷ್ಟರಲ್ಲಿ ದಡದ ಮರಳು ಸರಿದಿರುತ್ತದೆ. ದಾವಣಗೆರೆಯ ಸುತ್ತಣ ಸೀಮೆಯಲ್ಲಿ ಭದ್ರಾ ನಾಲೆಯ ನೀರನ್ನು ಗದ್ದೆಗೆ ತಿರುಗಿಸಿ ಮಲಗಿದ ರೈತನು ಎದ್ದು ಬರುವಾಗ ಪೈರು ನೀರುಂಡು ನಿಂತಿರುತ್ತದೆ. ನೋಡುವ ಕಣ್ಣಿಲ್ಲದಾಗಲೂ ಲೋಕವು ಇದ್ದೇ ಇರುತ್ತದೆಂಬುದು ಸಾಮಾನ್ಯರ ನಂಬಿಕೆ. ತತ್ತ್ವಜ್ಞರೆಲ್ಲರೂ ಇದನ್ನು ಅಷ್ಟು ಸುಲಭವಾಗಿ ಒಪ್ಪಲಿಲ್ಲ.

ಹೊರಗೆ ಕಾಣುವುದೆಲ್ಲ ವಿಜ್ಞಾನದ ತೋರಿಕೆಯೇ, ಕನಸಿನಲ್ಲಿ ವಸ್ತುವಿಲ್ಲದೆಯೂ ಅನುಭವವುಂಟಲ್ಲವೇ, ಎಂದರು ಬೌದ್ಧ ವಿಜ್ಞಾನವಾದಿಗಳು. ಸಮಂತಭದ್ರಾಚಾರ್ಯರು 'ಆಪ್ತಮೀಮಾಂಸೆ'ಯಲ್ಲಿ ಈ ವಾದವನ್ನು ಎತ್ತಿಕೊಂಡು ಪರೀಕ್ಷಿಸಿದ್ದಾರೆ. ಜ್ಞಾನವೊಂದೇ ಸತ್ಯವಾದರೆ ಸರಿಯಾದ ಅರಿವಿಗೂ ತಪ್ಪು ಅರಿವಿಗೂ ಭೇದವೇ ಉಳಿಯದು. ಆ ವಾದವನ್ನು ಸಾಧಿಸುವ ಹೇತುವೂ ನಿಲ್ಲದು. ಹೊರಗಿನ ವಸ್ತುವೊಂದೇ ಸತ್ಯವೆಂದರೂ ದೋಷ ತಪ್ಪದು. ಆಗ ಭ್ರಾಂತಿಗೆ ಎಡೆಯೇ ಇಲ್ಲದೆ ಪರಸ್ಪರ ವಿರುದ್ಧವಾದ ಮಾತುಗಳೆಲ್ಲವೂ ನಿಜವಾಗಬೇಕಾಗುತ್ತದೆ.

ಆಚಾರ್ಯರ ಸಮಾಧಾನವು ಅನೇಕಾಂತದ್ದು. ಮುಸ್ಸಂಜೆಯಲ್ಲಿ ಹಗ್ಗವನ್ನು ಹಾವೆಂದು ಕಂಡು ಒಬ್ಬನು ಬೆಚ್ಚಿದನೆನ್ನೋಣ. ಅವನಿಗೆ ಹಾಗೆ ತೋರಿದ್ದು ನಿಜ. ಅಲ್ಲಿ ಹಾವಿದ್ದುದು ಸುಳ್ಳು. ಒಳಗಣ ಅರಿವಿನ ದೃಷ್ಟಿಯಿಂದ ಭ್ರಾಂತಿಯಿಲ್ಲ; ಹೊರಗಣ ವಸ್ತುವಿನ ದೃಷ್ಟಿಯಿಂದ ಪ್ರಮಾಣವೂ ಉಂಟು, ಪ್ರಮಾಣಾಭಾಸವೂ ಉಂಟು. ಅಕಲಂಕದೇವರ 'ಅಷ್ಟಶತಿ'ಯೂ ವಿದ್ಯಾನಂದರ 'ಅಷ್ಟಸಹಸ್ರಿ'ಯೂ ಈ ಗ್ರಂಥಕ್ಕೆ ಬೆಳೆದ ವ್ಯಾಖ್ಯಾನಗಳು. ಅಕಲಂಕರು ಬೌದ್ಧರನ್ನು ವಾದದಲ್ಲಿ ಗೆದ್ದ ಕೀರ್ತಿಯನ್ನು ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯು ಕಲ್ಲಿನಲ್ಲಿ ಉಳಿಸಿದೆ.

ಪ್ರಶ್ನೆ ಹಳೆಯದಾದರೂ ಮುಗಿದುದಲ್ಲ. 1930ರ ಜುಲೈ ತಿಂಗಳಲ್ಲಿ ಬರ್ಲಿನ್ ನಗರದ ಸಮೀಪದ ಕಾಪುಟ್ ಎಂಬಲ್ಲಿ ರವೀಂದ್ರನಾಥ ಠಾಕೂರರೂ ಐನ್‌ಸ್ಟೈನರೂ ಇದನ್ನೇ ಚರ್ಚಿಸಿದರು. ಸತ್ಯವು ಮಾನವ ಚೇತನವನ್ನು ಬಿಟ್ಟು ಇರದೆಂಬುದು ಕವಿಯ ನಿಲುವು. ಮನುಷ್ಯನಿಲ್ಲದಿದ್ದರೂ ಸತ್ಯವಿರುವುದೆಂಬುದು ವಿಜ್ಞಾನಿಯ ನಿಲುವು. ಇಬ್ಬರೂ ತಮ್ಮ ತಮ್ಮ ನಿಲುವಿನಲ್ಲೇ ಉಳಿದರು.

ಇದು ಕೇವಲ ಪಂಡಿತರ ವಿನೋದವೆಂದು ಶ್ರಾವಕನು ಭಾವಿಸಲಾಗದು. ಲೋಕವೆಲ್ಲ ಒಬ್ಬನ ಮನಸ್ಸಿನ ತೋರಿಕೆಯಾದರೆ ಕಾಲಡಿಯ ಇರುವೆಯ ನೋವೂ ತೋರಿಕೆಯೇ ಆದೀತು. ಅಹಿಂಸೆಗೆ ಆಧಾರವೇ ತಪ್ಪೀತು. ಲೋಕವೆಲ್ಲ ಬರಿಯ ಜಡವಾದರೆ ನೋಯುವ ಜೀವವೇ ಇಲ್ಲ, ಬಂಧವೂ ಇಲ್ಲ, ಮೋಕ್ಷವೂ ಇಲ್ಲ. ಜೀವವೂ ಸತ್ಯ, ಪುದ್ಗಲವೂ ಸತ್ಯ ಎಂಬಲ್ಲಿಯೇ ದಯೆಗೆ ನೆಲೆ. ಕೇವಲಜ್ಞಾನಿಯೂ ಲೋಕವನ್ನು ಅರಿಯುವನೇ ಹೊರತು ನಿರ್ಮಿಸನು; ಕನ್ನಡಿಯು ಮುಖವನ್ನು ತೋರುವುದಲ್ಲದೆ ಹುಟ್ಟಿಸುವುದಿಲ್ಲ.

ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ಈ ವಿವೇಕವು ವಿಶೇಷವಾಗಿ ಬೇಕು. ಪಂಚಕಲ್ಯಾಣದ ವಿಧಿಗಳಿಂದ ಶಿಲೆಯು ಶಿಲೆಯಾಗಿ ಇಲ್ಲದೆ ಹೋಗುವುದಿಲ್ಲ. ಸಿದ್ಧಪದವಿಯನ್ನೇರಿದ ಜಿನೇಂದ್ರನು ಅದರೊಳಗೆ ಇಳಿದು ಬರುವುದೂ ಇಲ್ಲ. ಸ್ಥಾಪನಾ ನಿಕ್ಷೇಪದಿಂದ ಆ ಬಿಂಬವು ಜಿನನನ್ನು ನೆನಪಿಗೆ ತರುತ್ತದೆ; ಭಕ್ತನ ಭಾವವು ಶುದ್ಧವಾಗುವುದು ಅವನ ಆತ್ಮದಲ್ಲಿ. ಬಿಂಬವು ನಿಮಿತ್ತ, ಆತ್ಮವೇ ಉಪಾದಾನ. ಭಾವವಿಲ್ಲದವನ ಎದುರಿನಲ್ಲಿಯೂ ಬಿಂಬವು ಇದ್ದೇ ಇರುತ್ತದೆ. ಅವನಿಗೆ ದರ್ಶನವಾಗುವುದಿಲ್ಲ, ಅಷ್ಟೆ. ಬಸದಿಯ ಬಾಗಿಲು ಮುಚ್ಚಿದ ಮೇಲೆ, ಇರುಳಿನಲ್ಲಿ, ನೋಡುವವರಿಲ್ಲದ ಗರ್ಭಗೃಹದಲ್ಲಿಯೂ ಆ ಶಾಂತಮುದ್ರೆಯು ಹಾಗೆಯೇ ಇರುತ್ತದೆ. ಬೆಳಗಾದಾಗ ಅದನ್ನು ಕಾಣಬಲ್ಲ ಕಣ್ಣನ್ನು ಸಂಪಾದಿಸುವುದೇ ಶ್ರಾವಕನ ಸಾಧನೆ.