ವಯಸ್ಸು ಕೇಳುವ ಕಾಯಿದೆ ಮತ್ತು ಓದುವವರ ಸ್ವಾತಂತ್ರ್ಯ

(ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಜೆ ನಮಗೆ ಒಪ್ಪಿಸಿರುವ ವಿಷಯ ಅಂತರಜಾಲದಲ್ಲಿ ವಯಸ್ಸಿನ ತಪಾಸಣೆ. ಕನ್ನಡ ಪತ್ರಿಕೆ ಓದಲು ಬರುವವರ ಸಭೆಯಲ್ಲಿ ಈ ಮಾತೇಕೆ ಎಂದು ಕೆಲವರು ಕೇಳಬಹುದು. ಕಾರಣಗಳು ಎರಡಿವೆ. ನಾಗಪುರದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷು ಸಿಕ್ಕುತ್ತವೆ. ಮನೆಯ ಹೊರಗೆ ಕನ್ನಡ ಸಿಕ್ಕುವುದು ಹೆಚ್ಚಾಗಿ ಮೊಬೈಲಿನಲ್ಲಿಯೇ. ಇದು ಮೊದಲನೆಯ ಕಾರಣ. ನಮ್ಮ ವಾಚನಾಲಯದಲ್ಲಿ ಓದುಗರ ಉಪಯೋಗಕ್ಕೆಂದು ಎರಡು ಕಂಪ್ಯೂಟರುಗಳನ್ನು ಇಡಬೇಕೆಂಬ ಸೂಚನೆ ಕಾರ್ಯಕಾರಿ ಮಂಡಳಿಯ ಮುಂದಿದೆ. ಇದು ಎರಡನೆಯದು. ಅವುಗಳ ಮುಂದೆ ಯಾರು ಕುಳಿತುಕೊಳ್ಳಬಹುದು, ಕುಳಿತವರ ಹೆಸರನ್ನು ಬರೆದಿಡಬೇಕೇ, ಮಕ್ಕಳನ್ನು ಬಿಡಬೇಕೇ ಎಂಬುದನ್ನು ನಾವೇ ತೀರ್ಮಾನಿಸಬೇಕಾಗಿದೆ. ಹಲವು ದೇಶಗಳ ಶಾಸನಸಭೆಗಳು ಚರ್ಚಿಸುತ್ತಿರುವ ಪ್ರಶ್ನೆ ನಮ್ಮ ಮೇಜಿನ ಮೇಲೂ ಬಂದು ಕುಳಿತಿದೆ.

ಮೊದಲು ಈ ತಪಾಸಣೆ ಎಂದರೇನು ಎಂಬುದನ್ನು ನೋಡೋಣ. ಒಂದು ಜಾಲತಾಣ ಬಂದವನ ವಯಸ್ಸನ್ನು ತಿಳಿಯುವ ಮುಖ್ಯ ಮಾರ್ಗಗಳು ಮೂರು. ಒಂದು, ಅವನನ್ನೇ ಕೇಳಿ ಅವನು ಹೇಳಿದ್ದನ್ನು ನಂಬುವುದು. ಹತ್ತು ವರ್ಷದ ಹುಡುಗನೂ ಇಪ್ಪತ್ತು ಎಂದು ಒತ್ತಿ ಒಳಗೆ ಹೋಗುತ್ತಾನೆ. ಎರಡು, ಸರಕಾರ ಕೊಟ್ಟ ಗುರುತಿನ ಚೀಟಿಯನ್ನು ಕೇಳುವುದು. ಮೂರು, ಮುಖವನ್ನು ಕ್ಯಾಮರಾಕ್ಕೆ ತೋರಿಸಲು ಹೇಳಿ ಯಂತ್ರದಿಂದ ವಯಸ್ಸನ್ನು ಅಂದಾಜು ಮಾಡಿಸುವುದು. ಈ ಅಂದಾಜು ಗಡಿಯ ಹತ್ತಿರದ ವಯಸ್ಸುಗಳಲ್ಲಿ ಸುಲಭವಾಗಿ ತಪ್ಪುತ್ತದೆ. ಇಲ್ಲಿ ಒಂದು ಮಾತನ್ನು ನಾವು ಮರೆಯಬಾರದು. ಬಾಗಿಲಲ್ಲಿ ನಿಂತವರಲ್ಲಿ ಮಕ್ಕಳು ಯಾರು ಎಂದು ಖಚಿತವಾಗಿ ತಿಳಿಯಬೇಕಾದರೆ ನಿಂತವರೆಲ್ಲರನ್ನೂ ಕೇಳಬೇಕಾಗುತ್ತದೆ. ಮಕ್ಕಳಿಗಾಗಿ ಮಾಡಿದ ನಿಯಮ ಅಜ್ಜನಿಗೂ ಅನ್ವಯಿಸುತ್ತದೆ.

ಇದು ತೀರ ಹೊಸ ವಿಚಾರವೂ ಅಲ್ಲ. ಸೀತಾಬರ್ಡಿ, ಧರಮಪೇಠಗಳಲ್ಲಿ ಸೈಬರ್ ಕೆಫೆಗಳಿದ್ದ ಕಾಲವನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. 2001ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ, ಅಂದರೆ ನಾಗಪುರದಲ್ಲಿ ಯಾವುದರ ಪೀಠವಿದೆಯೋ ಅದೇ ನ್ಯಾಯಾಲಯ, ಅಂತರಜಾಲದ ಅಶ್ಲೀಲ ಸಾಮಗ್ರಿಯಿಂದ ಮಕ್ಕಳನ್ನು ಕಾಪಾಡುವ ಬಗೆಯನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿತು. ಮರುವರ್ಷ ಬಂದ ಅದರ ವರದಿಯಲ್ಲಿ ಎರಡು ಬಗೆಯ ಸಲಹೆಗಳಿದ್ದವು. ಮಕ್ಕಳು ಮುಚ್ಚಿದ ಗೂಡುಗಳಲ್ಲಿ ಕೂಡದೆ ಎಲ್ಲರ ಕಣ್ಣಿಗೆ ಬೀಳುವ ತೆರೆದ ಜಾಗದ ಯಂತ್ರಗಳನ್ನು ಬಳಸಲಿ ಎಂಬುದು ಒಂದು. ಬಂದವರೆಲ್ಲರ ಗುರುತಿನ ಚೀಟಿಯನ್ನು ನೋಡಬೇಕೆಂಬುದು ಇನ್ನೊಂದು. 2011ರಲ್ಲಿ ಕೇಂದ್ರ ಸರಕಾರ ಸೈಬರ್ ಕೆಫೆಗಳಿಗೆ ಮಾಡಿದ ನಿಯಮಗಳಲ್ಲಿಯೂ ಇವೆರಡೂ ಬಂದವು: ಗೂಡುಗಳ ಗೋಡೆ ನಾಲ್ಕೂವರೆ ಅಡಿಗಿಂತ ಎತ್ತರವಿರಬಾರದು, ಗುರುತಿನ ಚೀಟಿಯಿಲ್ಲದ ಅಪ್ರಾಪ್ತರು ದೊಡ್ಡವರೊಡನೆ ಬರಬೇಕು, ಬಂದವರೆಲ್ಲರ ಗುರುತನ್ನೂ ಬಳಕೆಯ ದಾಖಲೆಯನ್ನೂ ಕನಿಷ್ಠ ಒಂದು ವರ್ಷ ಇಡಬೇಕು.

ಈ ಎರಡು ಉಪಾಯಗಳ ವ್ಯತ್ಯಾಸವನ್ನು ನಾವು ಗಮನಿಸಬೇಕು. ತೆರೆದ ಜಾಗದ ನಿಯಮ ಮಗುವನ್ನು ಕಾಯುತ್ತದೆ, ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ. ದಾಖಲೆಯ ಪುಸ್ತಕವಾದರೋ ರೈಲ್ವೆ ಪರೀಕ್ಷೆಯ ಫಲಿತಾಂಶ ನೋಡಲು ಬಂದ ತರುಣನ ಹೆಸರನ್ನೂ, ತನ್ನ ಕಾಯಿಲೆಯ ವಿಷಯ ಓದಲು ಬಂದ ಗೃಹಿಣಿಯ ಹೆಸರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮೊದಲನೆಯದು ಕಾವಲು, ಎರಡನೆಯದು ನೋಂದಣಿ. ಇಂದಿನ ಚರ್ಚೆಯಲ್ಲಿ ಇವೆರಡೂ ಒಂದೇ ಮಾತಿನೊಳಗೆ ಬೆರೆತುಹೋಗುತ್ತಿವೆ.

ಈಗ ನಮ್ಮ ದೇಶದ ಕಾಯಿದೆಗೆ ಬರೋಣ. 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಗೀಕಾರ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 9ನೆಯ ಕಲಮು ಮಕ್ಕಳಿಗೆ ಸಂಬಂಧಿಸಿದ್ದು. ಅದರ ಪ್ರಕಾರ 18 ತುಂಬದವರೆಲ್ಲರೂ ಮಕ್ಕಳೇ. ಅವರ ಮಾಹಿತಿಯನ್ನು ಬಳಸುವ ಮೊದಲು ತಂದೆತಾಯಿಯರಿಂದ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಪಡೆಯಬೇಕು. ಮಕ್ಕಳ ಬೆನ್ನುಹತ್ತಿ ಅವರ ನಡವಳಿಕೆಯನ್ನು ಗಮನಿಸುವುದಾಗಲಿ, ಅವರನ್ನೇ ಗುರಿಯಿಟ್ಟು ಜಾಹೀರಾತು ತೋರಿಸುವುದಾಗಲಿ ಕೂಡದು. ತಪ್ಪಿದರೆ 200 ಕೋಟಿ ರೂಪಾಯಿಯವರೆಗೆ ದಂಡ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳಿಗೆ ಸಿದ್ಧವಾಗಲು 18 ತಿಂಗಳ ಅವಕಾಶವನ್ನು ಅವುಗಳಲ್ಲಿ ಕೊಟ್ಟಿದೆ. ಒಪ್ಪಿಗೆ ಕೊಟ್ಟವರು ನಿಜವಾಗಿ ದೊಡ್ಡವರೇ ಎಂದು ತಿಳಿಯಲು ತಮ್ಮಲ್ಲಿ ಈಗಾಗಲೇ ಇರುವ ವಿವರಗಳನ್ನೋ, ಡಿಜಿಲಾಕರ್‌ನಂಥ ವ್ಯವಸ್ಥೆಯ ಮೂಲಕ ಬರುವ ಸಂಕೇತವನ್ನೋ ಕಂಪನಿಗಳು ಬಳಸಬಹುದು.

ಈ ಕಾಯಿದೆಯ ಹಿಂದಿನ ಆತಂಕ ನಿಜವಾದದ್ದು. ಊಟದ ತಟ್ಟೆಯ ಪಕ್ಕದಲ್ಲಿ ಮೊಬೈಲು ಇಲ್ಲದೆ ತುತ್ತು ನುಂಗದ ಮಗುವನ್ನು ಕಾಣದ ಮನೆ ಇಂದು ವಿರಳ. 2023ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ ಎಕ್ಸ್ ಕಂಪನಿಯ ಮೇಲ್ಮನವಿಯನ್ನು ಕೇಳುತ್ತಿದ್ದಾಗ, ಸಾಮಾಜಿಕ ಜಾಲತಾಣಗಳಿಗೆ ವಯಸ್ಸಿನ ಮಿತಿಯೊಂದನ್ನು ಇಡುವುದು ಒಳ್ಳೆಯದೆಂದು ನ್ಯಾಯಮೂರ್ತಿಗಳು ಮೌಖಿಕವಾಗಿ ಹೇಳಿದರು. ಅದು ಆದೇಶವಾಗಿರಲಿಲ್ಲ, ಆದರೂ ಬಹಳ ಮಂದಿ ತಂದೆತಾಯಿಯರ ಮನಸ್ಸಿನಲ್ಲಿದ್ದ ಮಾತೇ ಆಗಿತ್ತು.

ಹಾಗಾದರೆ ಲೋಕಾಭಿಪ್ರಾಯ ಕಾಯಿದೆಯ ಕಡೆಗೇ ಇದೆಯೆಂದು ತೀರ್ಮಾನಿಸಬಹುದೇ? ಈಗಾಗಲೇ ಇದನ್ನು ಮಾಡಿ ನೋಡಿದ ದೇಶಗಳನ್ನು ನೋಡಿದರೆ ಸ್ವಲ್ಪ ತಡೆದು ಯೋಚಿಸಬೇಕಾಗುತ್ತದೆ. ಬ್ರಿಟನ್ನಿನಲ್ಲಿ 2025ರ ಜುಲೈ 25ರಿಂದ ಅಶ್ಲೀಲ ತಾಣಗಳಿಗೆ ವಯಸ್ಸಿನ ತಪಾಸಣೆ ಕಡ್ಡಾಯವಾಯಿತು. ಅಭಿಪ್ರಾಯ ಸಂಗ್ರಹಿಸಿದಾಗ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಇದನ್ನು ಬೆಂಬಲಿಸಿದರು. ಇದರಿಂದ ಮಕ್ಕಳು ನಿಜವಾಗಿ ದೂರವಾಗುತ್ತಾರೆಂದು ನಂಬಿದವರ ಸಂಖ್ಯೆ ಮಾತ್ರ ಬಹಳ ಕಡಮೆ. ಅದೇ ದೇಶದಲ್ಲಿ 5 ಲಕ್ಷಕ್ಕೂ ಮಿಕ್ಕಿ ಜನ ಕಾಯಿದೆಯನ್ನು ರದ್ದುಪಡಿಸಬೇಕೆಂಬ ಮನವಿಗೆ ಸಹಿ ಹಾಕಿದರು. ತಾನು ಯಾವ ದೇಶದಲ್ಲಿ ಕುಳಿತಿದ್ದೇನೆಂಬುದನ್ನು ಮರೆಸುವ ವಿ.ಪಿ.ಎನ್. ಎಂಬ ಸಾಧನವನ್ನು ಜನ ಗುಂಪುಗುಂಪಾಗಿ ಇಳಿಸಿಕೊಂಡರು. ಇದರಲ್ಲಿ ವಿರೋಧವೇನೂ ಇಲ್ಲ. “ಮಕ್ಕಳನ್ನು ಕಾಪಾಡಬೇಕೇ?” ಎಂದು ಕೇಳಿದರೆ ಯಾರು ಬೇಡವೆನ್ನುತ್ತಾರೆ? “ಪ್ರತಿ ಬಾಗಿಲಲ್ಲಿಯೂ ನಿಮ್ಮ ಚೀಟಿಯನ್ನು ತೋರಿಸುತ್ತೀರಾ?” ಎಂದು ಕೇಳಿದರೆ ಅದೇ ಮನುಷ್ಯ ಹಿಂದೆಮುಂದೆ ನೋಡುತ್ತಾನೆ. ಪ್ರಶ್ನೆಯ ಅರ್ಧವನ್ನು ಮಾತ್ರ ಕೇಳಿ ಪಡೆದ ಉತ್ತರವನ್ನು ಪೂರ್ಣ ಲೋಕಾಭಿಪ್ರಾಯವೆನ್ನುವುದು ನ್ಯಾಯವಲ್ಲ.

ಆಸ್ಟ್ರೇಲಿಯ ಇನ್ನೂ ಮುಂದೆ ಹೋಯಿತು. 16 ತುಂಬದವರಿಗೆ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಕೂಡದೆಂಬ ಅದರ ಕಾಯಿದೆ 2024ರ ನವೆಂಬರಿನಲ್ಲಿ ಅಂಗೀಕೃತವಾಗಿ 2025ರ ಡಿಸೆಂಬರ್ 10ರಿಂದ ಜಾರಿಗೆ ಬಂತು. ಜನಬೆಂಬಲ ಅಲ್ಲಿಯೂ ದೊಡ್ಡದಿತ್ತು. ಆದರೆ ಪಾರ್ಲಿಮೆಂಟಿನ ಸಮಿತಿ ಜನರಿಗೆ ಅಭಿಪ್ರಾಯ ಬರೆಯಲು ಕೊಟ್ಟದ್ದು ಒಂದೇ ದಿನದ ಗಡುವು. ಆ ಒಂದು ದಿನದಲ್ಲಿ ಸುಮಾರು 15,000 ಪತ್ರಗಳು ಬಂದವು. ಆ ಕಾಯಿದೆಯಲ್ಲಿ ಒಂದು ಒಳ್ಳೆಯ ಅಂಶವೂ ಉಂಟು: ಸರಕಾರಿ ಗುರುತಿನ ಚೀಟಿಯೊಂದನ್ನೇ ದಾರಿಯೆಂದು ಕಂಪನಿ ಹಟ ಹಿಡಿಯುವಂತಿಲ್ಲ, ಬೇರೆ ದಾರಿಯನ್ನೂ ಕೊಡಲೇಬೇಕು.

ನಮ್ಮ ದೇಶದಲ್ಲಿ ಕರಡು ನಿಯಮಗಳು 2025ರ ಜನವರಿ 3ರಂದು ಹೊರಬಿದ್ದವು. ಅಭಿಪ್ರಾಯ ಕಳಿಸಲು ಮಾರ್ಚ್ ಆರಂಭದವರೆಗೆ ಅವಕಾಶವಿತ್ತು. 6,915 ಅಭಿಪ್ರಾಯಗಳು ಬಂದುವೆಂದು ಸರಕಾರ ತಿಳಿಸಿದೆ. ಇದು ಮೆಚ್ಚತಕ್ಕ ಮಾತು. ಆದರೆ ಬಂದ ಅಭಿಪ್ರಾಯಗಳನ್ನು ಯಾರಿಗೂ ಬಹಿರಂಗಪಡಿಸುವುದಿಲ್ಲವೆಂದು ಮೊದಲೇ ಸಾರಲಾಗಿತ್ತು. ಬರೆಯುವವರು ಅಂಜದೆ ಬರೆಯಲಿ ಎಂಬ ಉದ್ದೇಶ ಸರಿಯೇ. ಹೆಸರುಗಳನ್ನು ತೆಗೆದು ಪತ್ರಗಳನ್ನು ಪ್ರಕಟಿಸಿದ್ದರೆ ಆ ಉದ್ದೇಶವೂ ಉಳಿಯುತ್ತಿತ್ತು, ತಾಯಂದಿರು ಏನೆಂದರು, ಶಿಕ್ಷಕರು ಏನೆಂದರು, ಕಂಪನಿಗಳು ಏನೆಂದವು ಎಂಬುದೂ ನಮಗೆ ತಿಳಿಯುತ್ತಿತ್ತು.

ಚೀಟಿ ತೋರಿಸುವುದರಲ್ಲಿ ಏನು ನಷ್ಟ, ತಪ್ಪು ಮಾಡದವರಿಗೆ ಭಯವೇಕೆ ಎಂದು ಕೇಳುವವರಿದ್ದಾರೆ. ಅವರ ಮುಂದೆ ಮೂರು ಸಂಗತಿಗಳನ್ನು ಇಡುತ್ತೇವೆ.

ಒಂದು, ಕೂಡಿಟ್ಟದ್ದು ಸೋರುತ್ತದೆ. 2025ರ ಅಕ್ಟೋಬರಿನಲ್ಲಿ ಡಿಸ್ಕಾರ್ಡ್ ಎಂಬ ಸಂಸ್ಥೆ, ವಯಸ್ಸಿನ ವಿಷಯದ ಅರ್ಜಿಗಳಿಗಾಗಿ ಜನ ಕೊಟ್ಟಿದ್ದ ಸುಮಾರು 70,000 ಗುರುತಿನ ಚೀಟಿಗಳ ಚಿತ್ರಗಳು, ತನಗೆ ಕೆಲಸ ಮಾಡಿಕೊಡುತ್ತಿದ್ದ ಹೊರಗಿನ ಕಂಪನಿಯ ಕಡೆಯಿಂದ ಪರರ ಕೈಸೇರಿರಬಹುದೆಂದು ತಾನೇ ಪ್ರಕಟಿಸಿತು. ಗುಪ್ತಪದ ಕಳೆದರೆ ಬದಲಾಯಿಸಬಹುದು. ಹುಟ್ಟಿದ ತಾರೀಖನ್ನೂ ಮುಖವನ್ನೂ ಬದಲಾಯಿಸಲಾಗದು.

ಎರಡು, ನಮ್ಮ ಮನೆಗಳಲ್ಲಿ ಮೊಬೈಲು ಒಬ್ಬೊಬ್ಬರದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲು ಇದ್ದ ಹೆಂಗಸರು ನೂರಕ್ಕೆ 54 ಮಾತ್ರ. ಒಂದು ಮೊಬೈಲನ್ನು ಅಪ್ಪ, ಅಣ್ಣ, ತಂಗಿ ಹಂಚಿಕೊಳ್ಳುವ ಮನೆಯಲ್ಲಿ ಒಪ್ಪಿಗೆಯ ಬೀಗದಕೈ ಯಾರ ಕೈಯಲ್ಲಿರುತ್ತದೆಂದು ಹೇಳಬೇಕಾಗಿಲ್ಲ. ಹದಿನೇಳು ವರ್ಷದ ಹುಡುಗಿ ತನ್ನ ದೇಹದ ವಿಷಯವನ್ನೋ, ಮನೆಯಲ್ಲಿಯೇ ನಡೆಯುವ ಹಿಂಸೆಯ ವಿಷಯವನ್ನೋ ಓದಿ ತಿಳಿಯಬೇಕಾದರೆ ಆ ಮನೆಯವರನ್ನೇ ಕೇಳಬೇಕಾಗುವುದು ಎಂಥ ರಕ್ಷಣೆ? ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರ ಸಮಿತಿ 2018ರಲ್ಲಿಯೇ, ಮಗುವಿನ ಸ್ವತಂತ್ರ ಬೆಳವಣಿಗೆಯ ದೃಷ್ಟಿಯಿಂದ 18 ಎಂಬುದು ಹೆಚ್ಚೆನಿಸಬಹುದೆಂದು ಒಪ್ಪಿಕೊಂಡಿತ್ತು. ದೇಶದ ಇತರ ಕಾನೂನುಗಳೊಡನೆ ಹೊಂದಲೆಂದು ಅದನ್ನೇ ಇರಿಸಿತು.

ಮೂರು, ಇದು ನಮ್ಮ ಮೂಲಭೂತ ಹಕ್ಕಿನ ವಿಷಯ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ಇಳಿವಯಸ್ಸಿನಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಹೆಸರಿನ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಹಿರಿಯರು 2024ರಲ್ಲಿ ಗತಿಸಿದರು. ಅವರು ಗಳಿಸಿಕೊಟ್ಟದ್ದು ಉಳಿದಿದೆ. ಆ ತೀರ್ಪಿನ ಪ್ರಕಾರ ಸರಕಾರ ಈ ಹಕ್ಕಿನಲ್ಲಿ ಕೈಹಾಕಬೇಕಾದರೆ ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಮತ್ತು ಹಾಕಿದ ಕೈ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ವಯಸ್ಸಿನ ತಪಾಸಣೆಗೂ ಇದೇ ಅಳತೆಗೋಲು.

ಇಷ್ಟು ಹೇಳಿದ ಮೇಲೆ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವುದು ಕರ್ತವ್ಯ. ಮಕ್ಕಳ ರಕ್ಷಣೆಗೆ ಕಾಯಿದೆ ಬೇಕು. ಅದರ ಭಾರ ಮೊದಲು ಬೀಳಬೇಕಾದದ್ದು ಮಕ್ಕಳ ಬೆನ್ನುಹತ್ತಿ ಹಣ ಗಳಿಸುವವರ ಮೇಲೆ. ಈ ದೃಷ್ಟಿಯಿಂದ ನಮ್ಮ 9ನೆಯ ಕಲಮಿನ ಜಾಹೀರಾತಿನ ನಿಷೇಧವೇ ಅದರ ಅತ್ಯುತ್ತಮ ಭಾಗ. ವಯಸ್ಸನ್ನು ತಿಳಿಯಲೇಬೇಕಾದ ಕಡೆ “18 ತುಂಬಿದೆ” ಅಥವಾ “ತುಂಬಿಲ್ಲ” ಎಂಬಷ್ಟೇ ತಿಳಿಯಲಿ. ಹೆಸರು, ವಿಳಾಸ, ಆಧಾರ್ ಸಂಖ್ಯೆ ಅಲ್ಲಿಗೆ ಹೋಗುವುದು ಬೇಡ, ತಿಳಿದ ಮೇಲೆ ಅದರ ದಾಖಲೆ ಉಳಿಯುವುದೂ ಬೇಡ. ಓದಿ ತಿಳಿಯುವ ತಾಣಗಳಿಗೂ, ಮೋಜಿನ ಜೂಜಿನ ತಾಣಗಳಿಗೂ ಒಂದೇ ಬೀಗ ಹಾಕಬಾರದು.

ಇನ್ನು ನಮ್ಮ ಎರಡು ಕಂಪ್ಯೂಟರುಗಳ ವಿಷಯ. ಇಲ್ಲಿಯವರೆಗೆ ನಮ್ಮ ಮೇಜಿನ ಮೇಲಿನ ಪತ್ರಿಕೆಯನ್ನು ಓದುವವರ ಹೆಸರನ್ನಾಗಲಿ ವಯಸ್ಸನ್ನಾಗಲಿ ನಾವು ಕೇಳಿದವರಲ್ಲ. ನಮ್ಮ ಸೂಚನೆಯಿಷ್ಟೆ: ಯಂತ್ರಗಳು ಒಳಕೋಣೆಯಲ್ಲಿರದೆ ಪತ್ರಿಕೆಯ ಮೇಜಿನ ಎದುರಿಗೇ, ಪರದೆ ಎಲ್ಲರಿಗೂ ಕಾಣುವಂತೆ ಇರಲಿ. ಮಕ್ಕಳು ಬರಲಿ, ಸಂಜೆ ಹೊತ್ತು ಹಿರಿಯರೊಬ್ಬರು ಹತ್ತಿರ ಕುಳಿತು ಕನ್ನಡದ ಒಳ್ಳೆಯ ತಾಣಗಳನ್ನು ತೋರಿಸಲಿ. ಯಾರು ಏನು ಓದಿದರೆಂಬ ಪುಸ್ತಕವನ್ನು ನಾವಾಗಿ ತೆರೆಯುವುದು ಬೇಡ. 2011ರ ನಿಯಮಗಳು ವ್ಯಾಪಾರವಾಗಿ ನಡೆಸುವ ಕೆಫೆಗಳಿಗೆ ಸಂಬಂಧಿಸಿದವು, ಉಚಿತ ವಾಚನಾಲಯ ವ್ಯಾಪಾರವಲ್ಲ. ಆದರೂ ವಕೀಲರಾದ ಸದಸ್ಯರೊಬ್ಬರನ್ನು ವಿಚಾರಿಸಿಯೇ ಮುಂದುವರಿಯುವುದು ಲೇಸು.

ಇದು ನಮ್ಮ ಅಭಿಪ್ರಾಯ ಮಾತ್ರ. ಒಪ್ಪದವರು ಖಂಡಿತವಾಗಿ ಇದ್ದೀರಿ, ಹದಿಹರೆಯದ ಮಕ್ಕಳಿರುವ ತಾಯಂದಿರಲ್ಲಂತೂ ಹೆಚ್ಚಾಗಿ ಇದ್ದೀರಿ. ಮುಂದಿನ ಸಭೆಯವರೆಗೆ ಪತ್ರಿಕೆಯ ಮೇಜಿನ ಮೇಲೆ ಒಂದು ಪೆಟ್ಟಿಗೆ ಇರುತ್ತದೆ. ಹೆಸರು ಬರೆದರೂ ಸರಿ, ಬರೆಯದಿದ್ದರೂ ಸರಿ, ನಿಮ್ಮ ಮಾತನ್ನು ಬರೆದು ಹಾಕಿ. ಹನ್ನೆರಡು ವರ್ಷ ಮೀರಿದ ಮಕ್ಕಳೂ ಬರೆಯಲಿ, ಏಕೆಂದರೆ ಅವರಿಗಾಗಿ ಮಾಡುವ ನಿಯಮದಲ್ಲಿ ಅವರ ಮಾತನ್ನು ಕೇಳಿದವರು ಕಡಮೆ. ಬಂದದ್ದೆಲ್ಲವನ್ನೂ ಗೋಡೆಯ ಹಲಗೆಯ ಮೇಲೆ ಹಚ್ಚುತ್ತೇವೆ, ನಮಗೆ ವಿರುದ್ಧವಾದದ್ದನ್ನು ಮೊದಲು. ಅವನ್ನೆಲ್ಲ ಓದಿದ ಮೇಲೆಯೇ ಕಾರ್ಯಕಾರಿ ಮಂಡಳಿ ತೀರ್ಮಾನ ಮಾಡಲಿ ಎಂದು ವಿನಂತಿಸುತ್ತೇವೆ.